ರಾಜನ ಪಕ್ಕದಲ್ಲಿ ಪೆನೆಲೊಪಿ

ಕಚೇರಿಯ ಕೆಲಸವನ್ನು ಮನೆಗೆ ತರಬಾರದು ಎಂದು ಬಲ್ಲವರು ಹೇಳುತ್ತಾರೆ. ನಾನು ಕೆಲಸವನ್ನು ಎಂದೂ ಮನೆಗೆ ತಂದವನಲ್ಲ. ಸಾಕ್ರಟೀಸನನ್ನು ತಂದೆ. ಅವನೊಬ್ಬನೇ ಆಗಿದ್ದರೆ ಹೇಗೋ ಸಾಗುತ್ತಿತ್ತು. ಅವನ ಹಿಂದೆಯೇ ಅಲೆಕ್ಸಾಂಡರ್ ಬಂದ, ಹೋಮರ್ ಬಂದ, ಡಯೋಜನಿಸ್ ತಾನು ವಾಸಿಸುವ ಹಂಡೆಯ ಸಮೇತ ಬಂದ. ಲಂಡನ್ನಿನ ಅಂಚಿನಲ್ಲಿ, ಕ್ರೋಯ್ಡನ್ನಿನ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಇಬ್ಬರು ಮನುಷ್ಯರಿಗೆ ಹನ್ನೊಂದು ಜನ ಗ್ರೀಕರು ಎಂಬಂತಾಯಿತು. ಈಗ ಒಬ್ಬ ಮನುಷ್ಯನಿಗೆ ಹನ್ನೊಂದು ಜನ. ಅದು ಹೇಗಾಯಿತು ಎಂಬುದನ್ನು ನಿಮ್ಮ ಹತ್ತಿರ ಹೇಳಿಕೊಳ್ಳೋಣವೆಂದು ಕೂತಿದ್ದೇನೆ. ಹೇಳಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ಗ್ರೀಕರಿಗೆ ಆಗಲೇ ಹೇಳಿ ಮುಗಿದಿದೆ.

ನನ್ನ ಉದ್ಯೋಗದ ವಿಷಯ ಮೊದಲು ಹೇಳಿಬಿಡುತ್ತೇನೆ. ಪಾರ್ಕ್ ರಾಯಲ್‌ನಲ್ಲಿ, ಬೆಳಗಿನ ಹೊತ್ತು ಬ್ರೆಡ್ಡು ಬೇಯುವ ವಾಸನೆ ತುಂಬಿಕೊಳ್ಳುವ ಒಂದು ಬೀದಿಯ ಕೊನೆಗೆ, ಪ್ಲಾಸ್ಟರಿನ ವಿಗ್ರಹಗಳನ್ನು ಹೊರದೇಶದಿಂದ ತರಿಸಿ ಅಂಗಡಿಗಳಿಗೆ ಹಂಚುವ ಗೋದಾಮೊಂದಿದೆ. ಇಂಗ್ಲಿಷರಿಗೆ ಅದೇನೋ, ಬೆಂಕಿಗೂಡಿನ ಮೇಲೊಬ್ಬ, ತೋಟದಲ್ಲೊಬ್ಬ, ಕೆಲವರಿಗೆ ಬಚ್ಚಲುಮನೆಯಲ್ಲೂ ಒಬ್ಬ ಪುರಾತನ ಗ್ರೀಕನಿದ್ದರೆ ಸಮಾಧಾನ. ಮೈಸೂರಿನಲ್ಲಿರುವ ನೆಂಟರಿಗೆ ನಾನು 'ಕ್ವಾಲಿಟಿ ಕಂಟ್ರೋಲ್' ಎಂದು ಹೇಳಿಕೊಂಡಿದ್ದೇನೆ. ಸುಳ್ಳಲ್ಲ. ಆದರೆ ದಿನವಿಡೀ ನಾನು ಮಾಡುವುದು ಮೂಗು ನೋಡುವ ಕೆಲಸ. ಪೆಟ್ಟಿಗೆ ಬಿಚ್ಚಿ, ಹುಲ್ಲು ಕೊಡವಿ, ಒಬ್ಬೊಬ್ಬರನ್ನೇ ಟ್ಯೂಬ್‌ಲೈಟಿಗೆ ಹಿಡಿದು ಮೂಗು, ಕಿವಿ, ಗಲ್ಲ ಎಂದು ಸವರಿ ನೋಡಬೇಕು. ಕೂದಲೆಳೆಯಷ್ಟು ಬಿರುಕಿದ್ದರೂ ನನ್ನ ಕಣ್ಣು ತಪ್ಪಿಸುವುದು ಸಾಧ್ಯವಿಲ್ಲ ಎಂದು ನಮ್ಮ ಮ್ಯಾನೇಜರೇ ಒಮ್ಮೆ ಎಲ್ಲರೆದುರು ಹೊಗಳಿದ್ದರು. ಈ ಹೊಗಳಿಕೆಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಮೂಗು ಮುರಿದವರನ್ನು ಮಾರುವಂತಿಲ್ಲ. ಬೇಕಾದವರು ಮನೆಗೆ ಒಯ್ಯಬಹುದು. ಮೊದಲ ಸಲ ನಾನು ಒಯ್ದದ್ದು ಸಾಕ್ರಟೀಸನನ್ನು. ಅವನದು ಮೊದಲೇ ಮೊಂಡು ಮೂಗು, ಮುರಿದದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂಬ ಧೈರ್ಯ. ಟ್ರೈನಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಎದುರಿಗೆ ಕೂತಿದ್ದ ಮುದುಕಿಯೊಬ್ಬಳು ಪತ್ರಿಕೆ ಕೆಳಗಿಳಿಸಿ, "ನಿಮ್ಮ ಸ್ನೇಹಿತರು ತುಂಬ ದಣಿದಂತಿದ್ದಾರೆ" ಅಂದಳು. ಕ್ಲಾಫಮ್ ಜಂಕ್ಷನ್ನಿನವರೆಗೂ ಮಾತಾಡಿದೆವು. ಲಂಡನ್ನಿಗೆ ಬಂದು ಹದಿನೈದು ವರ್ಷವಾಗಿತ್ತು. ಟ್ರೈನಿನಲ್ಲಿ ಒಬ್ಬರು ತಾವಾಗಿ ನನ್ನನ್ನು ಮಾತಾಡಿಸಿದ್ದು ಅದೇ ಮೊದಲು. ಆಮೇಲೆ ತಿಂಗಳಿಗೊಬ್ಬ ಗ್ರೀಕನನ್ನು ತೊಡೆಯ ಮೇಲಿಟ್ಟುಕೊಂಡು ಬರತೊಡಗಿದೆ. ವಿಮಲ, ಅಂದರೆ ನನ್ನ ಹೆಂಡತಿ, ಇದನ್ನು ಕಲೆಯ ಹುಚ್ಚು ಎಂದುಕೊಂಡಳು. ನಾನೂ ತಿದ್ದಲಿಲ್ಲ.

ಇವರ ಪರಿಚಯ ಮಾಡಿಕೊಟ್ಟವನು ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುವ ಸೈಪ್ರಸ್ಸಿನ ಗ್ರೀಕ, ಆಂಡ್ರೆಯಾಸ್. ಟೀ ಹೊತ್ತಿನಲ್ಲಿ ಅವನು ಇವರ ಕಥೆಗಳನ್ನು ನಮ್ಮ ಅಗ್ರಹಾರದಲ್ಲಿ ಪಕ್ಕದ ಬೀದಿಯವರ ಸಂಸಾರದ ವಿಷಯ ಹೇಳುವ ಹಾಗೆ ಹೇಳುತ್ತಿದ್ದ. ಪೆರಿಕ್ಲಿಸ್ ಯಾವಾಗಲೂ ಶಿರಸ್ತ್ರಾಣ ಹಾಕಿಕೊಂಡಿರುವುದು ಯುದ್ಧಕ್ಕಲ್ಲ, ಅವನ ತಲೆ ಸೋರೆಕಾಯಿಯಂತೆ ಉದ್ದ, ಅದಕ್ಕೆ. ದುರಂತ ನಾಟಕಗಳನ್ನು ಬರೆದು ದೊಡ್ಡವನಾದ ಎಸ್ಕಿಲಸ್‌ನ ಬೋಳುತಲೆಯನ್ನು ಬಂಡೆಯೆಂದು ತಿಳಿದು ಹದ್ದೊಂದು ಆಮೆಯನ್ನು ಅದರ ಮೇಲೆ ಎತ್ತಿಹಾಕಿತಂತೆ, ಪಾಪ, ಅಲ್ಲಿಗೆ ಮುಗಿಯಿತು. ಸಾಕ್ರಟೀಸನ ಹೆಂಡತಿ ಒಂದು ದಿನ ಬೈದು ಬೈದು ಸಾಕಾಗಿ ಗಂಡನ ತಲೆಯ ಮೇಲೆ ನೀರು ಸುರಿದಳಂತೆ. ಗುಡುಗಿದ ಮೇಲೆ ಮಳೆ ಬಂದೇ ಬರುತ್ತದೆ ಎಂದು ಅವನು ತಲೆ ಒರೆಸಿಕೊಂಡನಂತೆ. ಇದನ್ನು ನಾನು ಊಟದ ಹೊತ್ತಿನಲ್ಲಿ ವಿಮಲಳಿಗೆ ಹೇಳಿ ಬಿದ್ದು ಬಿದ್ದು ನಕ್ಕೆ. ಅವಳು ಸಾರು ಬಡಿಸುತ್ತ, "ಪಾಪ, ಆಯಮ್ಮ ಅದಕ್ಕೆ ಮುಂಚೆ ಎಷ್ಟು ವರ್ಷ ಸುಮ್ಮನಿದ್ದಳೋ. ಅದನ್ನ ಯಾರೂ ಬರೆದಿಡಲಿಲ್ಲ" ಅಂದಳು. ಅದನ್ನೂ ತಮಾಷೆಯೆಂದೇ ತಿಳಿದು ಇನ್ನೊಂದು ಸುತ್ತು ನಕ್ಕೆ.

ವಿಮಲಳಿಗೆ ಗ್ರೀಕರ ಮೇಲೆ ವೈಯಕ್ತಿಕ ದ್ವೇಷವೇನೂ ಇರಲಿಲ್ಲ. ಅವಳ ತಕರಾರು ಶಾಸ್ತ್ರದ್ದು. "ಬರೀ ರುಂಡ, ಮುಂಡ ಇಲ್ಲ. ಇದೇನು ಮನೆಯೋ ಕುರುಕ್ಷೇತ್ರವೋ" ಎಂದು ಶುರುವಾಗಿ, "ಭಿನ್ನವಾದ ವಿಗ್ರಹ ಮನೇಲಿಟ್ಟರೆ ಮನೆಯೇ ಭಿನ್ನವಾಗತ್ತೆ ಅಂತ ನಮ್ಮಮ್ಮ ಹೇಳೋರು" ಎಂದು ಮುಗಿಯುತ್ತಿತ್ತು. ಇವರೇನು ದೇವರಲ್ಲವಲ್ಲ, ಪೂಜೆ ಮಾಡುವುದಿಲ್ಲವಲ್ಲ ಎಂದು ನಾನು ವಾದಿಸುತ್ತಿದ್ದೆ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಎದುರಿನವರನ್ನು ಸುಮ್ಮನಾಗಿಸುವುದು ಸಾಕ್ರಟೀಸನ ಪದ್ಧತಿ ಎಂದು ಆಂಡ್ರೆಯಾಸ್ ಹೇಳಿಕೊಟ್ಟಿದ್ದ. ಅದು ಮನೆಯಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡಿತು. ವಿಮಲ ನಿಜಕ್ಕೂ ಸುಮ್ಮನಾದಳು.

ನಮಗೆ ಮಕ್ಕಳಿಲ್ಲ. ಹಾಗಾಗಿ ಮನೆಯಲ್ಲಿ ಒಬ್ಬರು ಸುಮ್ಮನಾದರೆ ಅರ್ಧ ಮನೆ ಸುಮ್ಮನಾದ ಹಾಗೆ. ಹೋದ ಫೆಬ್ರವರಿಯಲ್ಲಿ ಮೈಸೂರಿನಲ್ಲಿ ಅವಳ ತಾಯಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆರು ವಾರಕ್ಕೆಂದು ವಿಮಲ ಹೊರಟಳು. ಆರು ವಾರ ಮೂರು ತಿಂಗಳಾಯಿತು. ಮೂಳೆ ಕೂಡಿತು, ಅತ್ತೆ ಕೋಲು ಹಿಡಿದು ನಡೆದರು, ಆಮೇಲೆ ಕೋಲು ಬಿಟ್ಟೂ ನಡೆದರು. ವಿಮಲ ಬರಲಿಲ್ಲ. "ಇನ್ನು ಸ್ವಲ್ಪ ದಿನ ಇರ್ತೀನಿ. ಇಲ್ಲಿ ಮಾತಾಡಕ್ಕೆ ಜನ ಇದಾರೆ" ಅಂದಳು. ನಾನು, "ಇರು, ಇರು, ಅವಸರವೇನು" ಅಂದೆ. ಗಂಡಸಾದವನು ಹೆಂಡತಿಯ ತವರಿನ ವಿಷಯದಲ್ಲಿ ಉದಾರವಾಗಿರಬೇಕು ಎಂದು ಯಾರೋ ನನ್ನ ತಲೆಯಲ್ಲಿ ತುಂಬಿಬಿಟ್ಟಿದ್ದಾರೆ. ಫೋನ್ ಇಟ್ಟ ಮೇಲೆ ಆ ಉದಾರಿ ಒಂದು ಮೊಟ್ಟೆ ಒಡೆದುಕೊಂಡು, ರೇಡಿಯೋದಲ್ಲಿ ಹಡಗುಗಳವರಿಗೆ ಹೇಳುವ ಹವಾಮಾನ ವರದಿ ಕೇಳುತ್ತ ಊಟ ಮಾಡುತ್ತಿದ್ದ. ಬೇಸರವಾಗುತ್ತಿತ್ತು. ತುಂಬ ಬೇಸರವಾಗುತ್ತಿತ್ತು. ಈ ಮಾತನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ.

ಅಕ್ಟೋಬರಿನಲ್ಲಿ, ದಸರೆಗೆ ಮೂರು ದಿನ ಇರುವಾಗ, ವಿಮಲ ಫೋನಿನಲ್ಲಿ ಹೇಳಿದಳು: "ಈ ಸಲ ಗೊಂಬೆ ನೀವೇ ಕೂರಿಸಿ. ಒಂದು ವರ್ಷ ತಪ್ಪಿಸಿದರೆ ಮೂರು ವರ್ಷ ತಪ್ಪತ್ತಂತೆ. ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಿಗೆ. ಮರೀಬೇಡಿ." ಪಟ್ಟದ ಗೊಂಬೆ ಎಂದರೆ ಮರದ ರಾಜ ರಾಣಿಯ ಜೋಡಿ, ಮದುವೆಯಲ್ಲಿ ನನ್ನ ಅತ್ತೆ ತಮ್ಮ ಮಗಳಿಗೆ ಕೊಟ್ಟು ಕಳಿಸಿದ್ದು. ಉಳಿದ ಗೊಂಬೆಗಳು ಅಟ್ಟದ ಟ್ರಂಕಿನಲ್ಲಿದ್ದರೂ ಈ ಜೋಡಿ ಮಾತ್ರ ವರ್ಷವಿಡೀ ಹಾಲಿನ ಷೋಕೇಸಿನಲ್ಲಿ, ಗಾಜಿನ ಹಿಂದೆ, ಅಕ್ಕಪಕ್ಕ ನಿಂತಿರುತ್ತಿತ್ತು.

ಗಂಡಸು ಗೊಂಬೆ ಕೂರಿಸುವುದುಂಟೇ ಎಂದು ಕೇಳಬೇಡಿ. ಮೊಟ್ಟೆ ಒಡೆಯುವುದಕ್ಕಿಂತ ಅದು ಎಷ್ಟೋ ಮೇಲು. ಇಸ್ತ್ರಿ ಮಾಡುವ ಹಲಗೆ, ಎರಡು ಸೂಟ್‌ಕೇಸು, ಬಟ್ಟೆ ಒಣಹಾಕುವ ಸ್ಟ್ಯಾಂಡು ಸೇರಿಸಿ, ಮೇಲೆ ನನ್ನ ಮದುವೆಯ ಪಂಚೆ ಹೊದಿಸಿ ಐದು ಮೆಟ್ಟಿಲು ಕಟ್ಟಿದೆ. ಟ್ರಂಕಿನಿಂದ ಶೆಟ್ಟಿ ದಂಪತಿ ಇಳಿದರು, ಓಲಗದವರು ಇಳಿದರು. ಕೊನೆಗೆ ಪಟ್ಟದ ಗೊಂಬೆ ತೆಗೆಯೋಣವೆಂದು ಷೋಕೇಸಿನ ಹತ್ತಿರ ಹೋದೆ. ಅದರ ಮುಂದೆಯೇ ಸ್ಟೂಲಿನ ಮೇಲೆ ಸಾಕ್ರಟೀಸ್ ಕೂತಿದ್ದ. ಮನೆಗೆ ಬಂದ ದಿನದಿಂದ ಅವನ ಜಾಗ ಅದೇ. ಅವನನ್ನು ಎತ್ತಿ ಪಕ್ಕಕ್ಕಿಟ್ಟೆ. ಗಾಜಿನ ಹಿಂದೆ ರಾಜ ಒಬ್ಬನೇ ನಿಂತಿದ್ದ.

ರಾಣಿ ಇರಲಿಲ್ಲ. ಅವಳು ನಿಲ್ಲುತ್ತಿದ್ದ ಕಡೆ ಒಂದು ಗುಂಡನೆಯ ಗುರುತು, ಅದರ ಮೇಲೂ ಧೂಳು. ಮೂಗಿನ ಮೇಲಿನ ಧೂಳು ನೋಡಿ ಪೆಟ್ಟಿಗೆ ಯಾವ ತಿಂಗಳು ಹಡಗು ಹತ್ತಿತೆಂದು ಹೇಳಬಲ್ಲವನು ನಾನು. ಇದು ನಿನ್ನೆ ಮೊನ್ನೆಯ ಧೂಳಲ್ಲ. ಕಳ್ಳ ಬಂದು ಟಿವಿ ಬಿಟ್ಟು ರಾಣಿಯನ್ನು ಕದಿಯಲಾರ. ವಿಮಲಳೇ ಕೊಂಡೊಯ್ದಿದ್ದಾಳೆ. ತವರಿನಿಂದ ಬಂದ ರಾಣಿಯನ್ನು ತವರಿಗೆ ಕರೆದುಕೊಂಡು, ರಾಜನನ್ನು ನನಗೆ ಬಿಟ್ಟು ಹೋಗಿದ್ದಾಳೆ. ಇದಕ್ಕೆ ಏನರ್ಥ? ಸಾಕ್ರಟೀಸನಾದರೆ ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಿದ್ದ. ನನಗೆ ಒಂದೇ ಪ್ರಶ್ನೆ ಹೊಳೆದದ್ದು: ಅವಳು ವಾಪಸು ಬರುತ್ತಾಳೋ ಇಲ್ಲವೋ. ನಿಜವಾಗಿ ಭಯವಾಯಿತು. ಐದು ಮೆಟ್ಟಿಲಿನ ಮುಂದೆ ನೆಲದ ಮೇಲೆಯೇ ಬಹಳ ಹೊತ್ತು ಕೂತುಬಿಟ್ಟೆ.

ಫೋನ್ ಮಾಡಿ ಕೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಕೇಳಿ, ಅವಳು "ಹೌದು, ಬರಲ್ಲ" ಅಂದುಬಿಟ್ಟರೆ? ಕೇಳದಿರುವವರೆಗೂ ಅವಳು ಬರುವವಳೇ. ಪ್ರತಿದಿನ ಮೂಲೆಯಂಗಡಿಯಲ್ಲಿ ಕೊಂಡ, ಇಷ್ಟೇ ನಿಮಿಷವೆಂದು ಲೆಕ್ಕವಿರುವ ಫೋನ್ ಕಾರ್ಡ್ ಉಜ್ಜಿ, ಉದ್ದನೆಯ ನಂಬರು ಒತ್ತಿ, ಅತ್ತೆಯ ಸೊಂಟ ಹೇಗಿದೆ, ಅಲ್ಲಿ ಮಳೆಯೇ, ಹುರುಳಿಕಾಯಿ ಸಿಗುತ್ತಿದೆಯೇ ಎಂದೆಲ್ಲ ವಿಚಾರಿಸಿದೆ. ವಿಮಲ ಎಲ್ಲಕ್ಕೂ ಉತ್ತರ ಕೊಟ್ಟು, ಕೊನೆಗೆ ಒಂದು ಕ್ಷಣ ಸುಮ್ಮನಿರುತ್ತಿದ್ದಳು. ಅಷ್ಟರಲ್ಲಿ ಕಾರ್ಡಿನ ಯಂತ್ರದ ಹೆಂಗಸು ಬಾಯಿ ಹಾಕಿ, ಇನ್ನು ಒಂದೇ ನಿಮಿಷ ಉಳಿದಿದೆ ಎನ್ನುತ್ತಿದ್ದಳು.

ಈಗ ರಾಜನ ಪ್ರಶ್ನೆ. ಪಟ್ಟದ ರಾಜ ಒಂಟಿಯಾಗಿ ಕೂರಬಾರದು. ಅವನ ಪಕ್ಕಕ್ಕೆ ಒಬ್ಬ ಹೆಂಗಸು ಬೇಕು. ನನ್ನ ಸಂಗ್ರಹದಲ್ಲಿ ಇದ್ದವರು ಇಬ್ಬರೇ. ಸಾಫೋ ಹೆಂಗಸರ ಮೇಲೇ ಪ್ರೇಮಗೀತೆ ಬರೆದ ಕವಯಿತ್ರಿ, ಸಂಸಾರಸ್ಥ ರಾಜನ ಪಕ್ಕ ಅವಳನ್ನು ಕೂರಿಸಿದರೆ ಅವಳೇ ಎದ್ದುಹೋದಾಳು. ಉಳಿದವಳು ಪೆನೆಲೊಪಿ. ಗಲ್ಲಕ್ಕೆ ಕೈಕೊಟ್ಟು ಕೂತ ಪುಟ್ಟ ವಿಗ್ರಹ. ಕೈಯ ಎರಡು ಬೆರಳು ಮುರಿದಿವೆ. ಇವಳ ಗಂಡ ಒಡಿಸ್ಯೂಸ್ ಯುದ್ಧಕ್ಕೆ ಹೋದವನು ಇಪ್ಪತ್ತು ವರ್ಷ ಮನೆ ಕಡೆ ತಲೆ ಹಾಕಲಿಲ್ಲ. ಅವನು ಸತ್ತ, ನನ್ನನ್ನು ಮದುವೆಯಾಗು ಎಂದು ಬಾಗಿಲಲ್ಲಿ ಜಮಾಯಿಸಿದ ವರಗಳು ನೂರೆಂಟು ಜನ. ನಮ್ಮ ಮಾತಿನ ನೂರೆಂಟಲ್ಲ, ಎಣಿಸಿದರೂ ನೂರೆಂಟೇ ಎಂದು ಆಂಡ್ರೆಯಾಸ್ ಆಣೆ ಮಾಡುತ್ತಾನೆ. ಈ ಬಟ್ಟೆ ನೇಯ್ದು ಮುಗಿದ ಮೇಲೆ ಮದುವೆ ಎಂದು ಅವಳು ಹಗಲೆಲ್ಲ ನೇಯುವುದು, ರಾತ್ರಿ ಅಷ್ಟನ್ನೂ ಬಿಚ್ಚುವುದು. ಗಂಡ ಕೊನೆಗೆ ಬಂದಾಗಲೂ ಸುಮ್ಮನೆ ಒಳಗೆ ಬಿಡಲಿಲ್ಲ. ಮಂಚವನ್ನು ಆಚೆಗೆ ಹಾಕಿಸುತ್ತೇನೆ ಎಂದು ಹೇಳಿ ಪರೀಕ್ಷೆ ಮಾಡಿದಳು. ಬೇರೂರಿದ ಮರದಿಂದಲೇ ಮಾಡಿದ ಆ ಮಂಚವನ್ನು ಕದಲಿಸಲಾಗದು ಎಂದು ಮನೆಯ ಯಜಮಾನನಿಗೆ ಮಾತ್ರ ಗೊತ್ತು. ಅವನು ರೇಗಿದ, ಪಾಸಾದ. ಅಂದ ಹಾಗೆ ಒಡಿಸ್ಯೂಸ್ ನಮ್ಮ ಗೋದಾಮಿಗೆ ಈವರೆಗೂ ಬಂದಿಲ್ಲ. ಪಟ್ಟಿಯಲ್ಲಿ ಹೆಸರಿದೆ, ಪ್ರತಿ ಸಲವೂ ಮುಂದೆ 'ತಡವಾಗಿ ಬರಲಿದೆ' ಎಂಬ ಷರಾ ಇರುತ್ತದೆ.

ಪೆನೆಲೊಪಿಗೆ ಒಂದು ರವಿಕೆ ಕಣ ಉಡಿಸಿ ರಾಜನ ಪಕ್ಕ ಕೂರಿಸಿದೆ. ಖಾಲಿ ಉಳಿದ ಮೆಟ್ಟಿಲುಗಳಿಗೆ ಮಿಕ್ಕವರನ್ನೂ ಹತ್ತಿಸಿದೆ. ನನ್ನ ಬಿಸಿಲಿಗೆ ಅಡ್ಡ ನಿಲ್ಲಬೇಡ ಎಂದು ಅಲೆಕ್ಸಾಂಡರನಿಗೇ ಹೇಳಿದ ಡಯೋಜನಿಸ್ ಕಿಟಕಿಯ ಕಡೆ. ಜಗತ್ತು ಗೆದ್ದವನು ಶೆಟ್ಟರ ಅಂಗಡಿಯ ಹಿಂದೆ. ಪೆರಿಕ್ಲಿಸ್ ಶಿರಸ್ತ್ರಾಣದಲ್ಲಿ ಟ್ರಾಫಿಕ್ ಪೊಲೀಸಿನವನಂತೆ ಓಲಗದವರನ್ನು ಕಾಯುತ್ತಿದ್ದ. ಸಾಕ್ರಟೀಸನ ಮೇಲೆ ಯಾಕೋ ಸಿಟ್ಟು ಬಂದಿತ್ತು. ಅವನನ್ನು ಬಚ್ಚಲುಮನೆಯಲ್ಲಿಟ್ಟೆ.

ಗೊಂಬೆ ಕೂರಿಸಿದ ಮೇಲೆ ನೋಡಲು ಜನ ಬರಬೇಕು. ವಿಮಲ ಇದ್ದಾಗ ಸಂಜೆಯಾದರೆ ಹೆಂಗಸರು ಮಕ್ಕಳು ಲಿಫ್ಟಿನಲ್ಲಿ ತುಂಬಿ ಬರುತ್ತಿದ್ದರು. ನಾನು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಏನು ಗಲಾಟೆ ಎಂದು ಗೊಣಗುತ್ತಿದ್ದೆ. ಈ ಸಲ ಗೊಣಗುವ ಭಾಗ್ಯ ಇರಲಿಲ್ಲ. ಹೆಂಗಸಿಲ್ಲದ ಮನೆಗೆ ಅರಿಶಿನ ಕುಂಕುಮಕ್ಕೆ ಯಾರು ಬರುತ್ತಾರೆ? ಐದು ದಿನ ದೀಪ ಹಚ್ಚಿ, ಕಡಲೆ ಬೇಯಿಸಿ ಒಗ್ಗರಣೆ ಹಾಕಿ ಕಾದೆ, ನಾನೇ ತಿಂದೆ. ನಾಲ್ಕನೆಯ ದಿನ ಬಾಗಿಲು ತಟ್ಟಿದ ಒಬ್ಬನೇ ಒಬ್ಬ ಹೊಗೆ ಅಲಾರಂ ಪರೀಕ್ಷೆ ಮಾಡಲು ಬಂದ ಕೌನ್ಸಿಲಿನವನು, ಅಂದರೆ ಇಲ್ಲಿನ ಮುನಿಸಿಪಾಲಿಟಿಯವನು. ಅವನಿಗೂ ಒಂದು ಬಟ್ಟಲು ಕಡಲೆ ಕೊಟ್ಟೆ. ಪೆನೆಲೊಪಿಗೆ ನೂರೆಂಟು, ನನಗೆ ಒಂದು.

ಆರನೆಯ ದಿನ ಶಾಂತಕ್ಕ ಬಂದರು. ಧಾರವಾಡದವರು, ನಮ್ಮ ಕೆಳಗಿನ ಮಹಡಿಯಲ್ಲೇ ಇರುವವರು. ಗಂಡನಿಗೆ ಸಟನ್ನಿನ ಆಸ್ಪತ್ರೆಯಲ್ಲಿ ಕೆಲಸ. ನಾನು ತಟ್ಟೆ ಹಿಡಿದೆ, ಅವರೇ ಕುಂಕುಮ ಹಚ್ಚಿಕೊಂಡರು. ಆಮೇಲೆ ಮೆಟ್ಟಿಲ ಕಡೆ ತಿರುಗಿ ಸೆರಗು ಬಾಯಿಗೆ ಹಿಡಿದರು.

"ಅಯ್ಯ ಶಿವನ! ಇದೇನ್ರೀ ಅಣ್ಣಾರ, ರಾಜಾನ ಬಾಜೂಕ ಈ ಬಿಳೀ ಹೆಂಗಸು ಯಾರ್ರೀ? ರಾಣಿ ಎಲ್ಲಿ ಹೋದಳು?"

"ರಾಣಿ ರಿಪೇರಿಗೆ ಹೋಗಿದಾಳೆ" ಎಂದು ಬಾಯಿಗೆ ಬಂದ ಸುಳ್ಳು ಹೇಳಿ, ಮಾತು ಮರೆಸಲು ಪೆನೆಲೊಪಿಯ ಕಥೆ ಪೂರ್ತಿ ಹೇಳಿದೆ. ಶಾಂತಕ್ಕ ಕಡಲೆ ತಿನ್ನುತ್ತ ಕೇಳಿದರು.

"ಇಪ್ಪತ್ತ ವರ್ಷ ಕಾಯೂದಂದ್ರ! ಆಂವಾ ನಡುವ ಒಂದ ಫೋನರ ಮಾಡಬೇಕಿಲ್ಲೋ?" ಅಂದರು. ಆಮೇಲೆ ಬಟ್ಟಲು ಕೆಳಗಿಟ್ಟು, "ವಿಮಲಾ ಯಾವಾಗ ಬರ್ತಾರ?" ಎಂದು ಕೇಳಿದರು.

"ಮುಂದಿನ ತಿಂಗಳು."

"ಜೂನದಾಗೂ ಹಂಗs ಅಂದಿದ್ರಿ. ಆಕಿಗೆ ಬಾ ಅಂತ ಹೇಳೀರೇನು?"

"ಅದನ್ನ ಹೇಳಬೇಕಾ? ಅವಳ ಮನೆ, ಅವಳು ಬರ್ತಾಳೆ."

"ಹೇಳಬೇಕ್ರೀ. ತವರಮನ್ಯಾಗ ಕುಂತಾಕಿಗೆ ಗಂಡ ಬಾ ಅಂದ್ರನs ಬರಾಕ ಮನಸ್ಸಾಗ್ತದ. ಇಲ್ಲಂದ್ರ ನಾ ಇಲ್ಲದನೂ ನಡೀತದಲ್ಲಾ ಅನಸ್ತದ." ಹೋಗುವಾಗ ಒಂದು ಡಬ್ಬಿ ನನ್ನ ಕೈಗಿಟ್ಟರು. ಎಣಗಾಯಿ ಇತ್ತು. ಅಂದು ರೇಡಿಯೋ ಹಾಕದೆ ಊಟ ಮಾಡಿದೆ.

ವಿಜಯದಶಮಿಯ ದಿನ ಫೋನ್ ಮಾಡಿದೆ. ಸೊಂಟ, ಮಳೆ, ಹುರುಳಿಕಾಯಿ ಆಯಿತು. ವಿಮಲ ಕೇಳಿದಳು: "ಗೊಂಬೆ ಎಲ್ಲ ಸರಿಯಾಗಿ ಕೂರಿಸಿದ್ರಾ?"

"ಕೂರಿಸಿದೆ."

"ಪಟ್ಟದ ಗೊಂಬೆ?"

"ರಾಜ ಇದಾನೆ. ರಾಣಿ ಇಲ್ಲ" ಅಂದೆ.

ಆ ಕಡೆಯಿಂದ ಉಸಿರು ಬಿಟ್ಟ ಸದ್ದು ಕೇಳಿಸಿತು. "ಅಂತೂ ನೋಡಿದ್ರಿ" ಅಂದಳು ವಿಮಲ. "ಜನವರೀಲಿ ನೀವು ಆ ಸಾಕ್ರಟೀಸನ್ನ ಷೋಕೇಸಿಗೆ ಒತ್ತಿದಾಗ ರಾಣಿ ಬಿದ್ದು ಮೂಗು ಮುಕ್ಕಾಯ್ತು. ನಿಮ್ಮ ಕಣ್ಣೆದುರಿಗೇ ಎತ್ತಿ ನಿಲ್ಲಿಸಿದೆ. ಊರಿನ ಮೂಗೆಲ್ಲ ನೋಡೋರು ಅದನ್ನ ನೋಡಲಿಲ್ಲ. ಹೊರಡೋ ದಿನ ನಿಮ್ಮೆದುರಿಗೇ ಟವಲಿನಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿಕೊಂಡೆ. ಅದನ್ನೂ ನೋಡಲಿಲ್ಲ. ಇಲ್ಲಿ ಬಣ್ಣ ಹಾಕಿಸಿ ಮಾರ್ಚಿನಲ್ಲೇ ಆಯ್ತು. ಅವತ್ತಿಂದ ಕಾಯ್ತಿದೀನಿ, ರಾಣಿ ಎಲ್ಲಿ ಅಂತ ಇವರು ಯಾವತ್ತು ಕೇಳ್ತಾರೆ ನೋಡೋಣ, ಕೇಳಿದ ದಿನ ಹೊರಡೋಣ ಅಂತ."

ಮಂಚದ ಪರೀಕ್ಷೆಯಲ್ಲಿ ಒಡಿಸ್ಯೂಸ್ ಒಂದೇ ಮಾತಿಗೆ ಪಾಸಾಗಿದ್ದ. ನಾನು ಎಂಟು ತಿಂಗಳು ಪರೀಕ್ಷಾ ಕೊಠಡಿಯಲ್ಲೇ ಕೂತಿದ್ದೆ. ಪರೀಕ್ಷೆ ನಡೆಯುತ್ತಿದೆ ಎಂಬುದೇ ತಿಳಿದಿರಲಿಲ್ಲ. ರಿಪೇರಿಗೆ ಹೋಗಿದ್ದಾಳೆ ಎಂದು ಶಾಂತಕ್ಕನಿಗೆ ಹೇಳಿದ ಸುಳ್ಳೂ ನಿಜವಾಗಿಬಿಟ್ಟಿತ್ತು. ಈಗ ಹೇಳಬೇಕಾದದ್ದು ಒಂದೇ ಅಕ್ಷರ. ಯಂತ್ರದ ಹೆಂಗಸು ಒಂದು ನಿಮಿಷ ಎಂದಳು. ನಾನು ಬಾಯಿ ತೆರೆದೆ. "ಅಲ್ಲಿ ಚಳಿ ಶುರುವಾಯ್ತಾ?" ಎಂದು ಕೇಳಿದೆ. ಲೈನು ಕಡಿಯಿತು.

ಚಪ್ಪಲಿಯಲ್ಲೇ ಮೂಲೆಯಂಗಡಿಗೆ ಓಡಿದೆ. ಎಷ್ಟು ನಿಮಿಷದ ಕಾರ್ಡು ಬೇಕೆಂದು ಅಂಗಡಿಯವನು ಕೇಳಿದ. ಕೆಲಸ ಒಂದು ಸೆಕೆಂಡಿನದು. ಆದರೆ ನನ್ನನ್ನು ನಾನು ಬಲ್ಲೆನಾದ್ದರಿಂದ ಇರುವುದರಲ್ಲೇ ದೊಡ್ಡದನ್ನು ತೆಗೆದುಕೊಂಡೆ. ಮೊದಲ ಗಂಟೆಗೇ ವಿಮಲ ಎತ್ತಿದಳು. ಅವಳು ಹಲೋ ಅನ್ನುವ ಮುಂಚೆಯೇ, "ವಿಮಲಾ, ಬಾ. ನನಗೆ ಇಲ್ಲಿ ಒಬ್ಬನೇ ಇರಕ್ಕೆ ಆಗ್ತಿಲ್ಲ" ಅಂದೆ.

ಆಮೇಲೆ, "ಇಷ್ಟು ಹೇಳಕ್ಕೆ ಎರಡು ಕಾರ್ಡ್ ಬೇಕಾಯ್ತಾ?" ಅಂದಳು. ದನಿ ಒದ್ದೆಯಾಗಿತ್ತು. "ಟಿಕೆಟ್ ಯಾವಾಗ ಸಿಗತ್ತೋ ನೋಡೋಣ. ಷೋಕೇಸ್ ಮುಂದಿಂದ ಅವನು ಎದ್ದನಾ?"

"ಎದ್ದ. ಬಚ್ಚಲುಮನೇಲಿದಾನೆ."

"ಅಲ್ಲೇ ಇರಲಿ."

ಇದಾಗಿ ಮೂರು ವಾರವಾಯಿತು. ನಮ್ಮ ಕಡೆ ಹೆಂಗಸರ 'ನೋಡೋಣ' ಎಂಬ ಮಾತಿಗೆ ಎಷ್ಟು ದಿನದ ಅವಧಿ ಎಂದು ನನಗೆ ತಿಳಿಯದು. ಟಿಕೆಟ್ಟಿನ ಸುದ್ದಿ ಇನ್ನೂ ಬಂದಿಲ್ಲ. ವಿಜಯದಶಮಿಯಂದು ಪಟ್ಟದ ಗೊಂಬೆಗಳನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಎತ್ತಿಡಬೇಕು ಎಂಬುದು ಶಾಸ್ತ್ರ. ಆದರೆ ಹಬ್ಬ ಮುಗಿದರೆ ಅವಳು ಹಬ್ಬಕ್ಕೆ ಬರಲಿಲ್ಲ ಎಂದಾಗುತ್ತದೆ. ಹಾಗಾಗಿ ಪ್ರತಿ ಸಂಜೆ ಕೆಲಸದಿಂದ ಬಂದು ಒಂದು ಮೆಟ್ಟಿಲಿನ ಗೊಂಬೆಗಳನ್ನು ಇಳಿಸುತ್ತೇನೆ, ಬೆಳಗ್ಗೆ ಹೊರಡುವ ಮುಂಚೆ ಮತ್ತೆ ಏರಿಸುತ್ತೇನೆ. ಪೆನೆಲೊಪಿ ನೋಡುತ್ತಿರುತ್ತಾಳೆ. ತನ್ನ ಉಪಾಯವನ್ನು ಮೀಸೆ ಹೊತ್ತ ಗಂಡಸೊಬ್ಬ ಕದ್ದಿದ್ದಾನೆಂದು ಅವಳಿಗೆ ಬೇಸರವಿದ್ದಂತಿಲ್ಲ. ರಾಜನ ಪಕ್ಕದ ಅರ್ಧ ಜಾಗ ಬಿಟ್ಟು, ಸ್ವಲ್ಪ ಒತ್ತರಿಸಿಯೇ ಕೂತಿದ್ದಾಳೆ. ಮೊನ್ನೆ ಶಾಂತಕ್ಕ ಬಂದು, "ಅಣ್ಣಾರ, ದೀಪಾವಳಿ ಬಂತು, ರಾಜಾನ್ನ ಇನ್ನೂ ಮಲಗಿಸಿಲ್ಲೇನ್ರೀ?" ಎಂದು ಕೇಳಿದರು. ಇಲ್ಲ, ಅವನಿಗಿನ್ನೂ ನಿದ್ದೆ ಬಂದಿಲ್ಲ ಅಂದೆ. ಶಾಂತಕ್ಕ ರಾಜನ ಮುಖ ನೋಡಲಿಲ್ಲ, ನನ್ನ ಮುಖವನ್ನೇ ನೋಡಿ, ಡಬ್ಬಿ ಮೇಜಿನ ಮೇಲಿಟ್ಟು ಹೋದರು.